ಓದುಗರ ಪ್ರಶ್ನೆ, ನಮ್ಮ ಉತ್ತರ: ಬಲಕ್ಕೆ ಅಂದರೆ ಎಡಕ್ಕೆ ತಿರುಗುವ ಸಿಪಾಯಿ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು 1941ರ ಹಾಲಿವುಡ್ ಹಾಸ್ಯಚಿತ್ರ ‘ಬಕ್ ಪ್ರೈವೇಟ್ಸ್’ ಬಗ್ಗೆ ಬಂದಿವೆ. ಬಡ್ ಅಬಟ್ ಮತ್ತು ಲೂ ಕಾಸ್ಟೆಲೊ ಜೋಡಿಯನ್ನು ದೊಡ್ಡ ತಾರೆಗಳನ್ನಾಗಿ ಮಾಡಿದ ಚಿತ್ರ ಇದು. ಕಥೆ ತೆಳುವಾಗಿದ್ದರೂ ಒಳಗಿನ ಕೆಲಸ ಗಟ್ಟಿ. ಹಾಗಾಗಿ ಕಥೆಯ ಪ್ರಶ್ನೆಗಳನ್ನು ಬೇಗ ಮುಗಿಸಿ, ನಗು ಹುಟ್ಟುವ ಜಾಗಗಳಲ್ಲಿ ಸ್ವಲ್ಪ ಹೊತ್ತು ನಿಂತಿದ್ದೇವೆ.

ಪ್ರಶ್ನೆ: ಇಬ್ಬರಿಗೂ ಸೈನ್ಯ ಸೇರುವ ಮನಸ್ಸೇ ಇರಲಿಲ್ಲ. ಹಾಗಾದರೆ ಸೇರಿದ್ದು ಹೇಗೆ? ಸಿನಿಮಾ ಮಂದಿರದಲ್ಲಿ ಸಹಿ ಹಾಕುವ ದೃಶ್ಯ ಅರ್ಥವಾಗಲಿಲ್ಲ.

ಸ್ಲಿಕರ್ ಸ್ಮಿತ್ (ಅಬಟ್) ಮತ್ತು ಹರ್ಬಿ ಬ್ರೌನ್ (ಕಾಸ್ಟೆಲೊ) ಬೀದಿಯಲ್ಲಿ ನೆಕ್‌ಟೈ ಮಾರುವವರು. ಪೊಲೀಸಿನವನು ಬೆನ್ನು ಹತ್ತಿದಾಗ ಒಂದು ಚಿತ್ರಮಂದಿರಕ್ಕೆ ನುಗ್ಗುತ್ತಾರೆ. ಅದು ಆಗಲೇ ಸೇನಾಭರ್ತಿ ಕೇಂದ್ರವಾಗಿದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಬಹುಮಾನಕ್ಕೆ ಹೆಸರು ಬರೆಸುತ್ತಿದ್ದೇವೆ ಎಂದುಕೊಂಡು ಸಹಿ ಹಾಕುತ್ತಾರೆ.

ಇಂದಿನ ನೋಡುಗರಿಗೆ ಇದು ತೀರಾ ಎಳೆದು ತಂದ ಸನ್ನಿವೇಶ ಅನ್ನಿಸಬಹುದು. 1941ರ ಅಮೆರಿಕನ್ನರಿಗೆ ಹಾಗೆ ಅನ್ನಿಸುವಂತಿರಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನರನ್ನು ಒಳಗೆ ತರಲು ಅಲ್ಲಿನ ಚಿತ್ರಮಂದಿರಗಳು ‘ಬ್ಯಾಂಕ್ ನೈಟ್’ ನಡೆಸುತ್ತಿದ್ದವು. ಮಂದಿರದ ಪುಸ್ತಕದಲ್ಲಿ ಹೆಸರು ಬರೆಸಬೇಕು, ನಂತರ ಚೀಟಿ ಎತ್ತುತ್ತಾರೆ, ಹೆಸರು ಬಂದವರು ಕೆಲವೇ ನಿಮಿಷಗಳಲ್ಲಿ ವೇದಿಕೆಗೆ ಬಂದು ಹಣ ಪಡೆಯಬೇಕು. ಮಂದಿರದಲ್ಲಿ ಮೇಜು ಹಾಕಿ, ಪುಸ್ತಕ ತೆರೆದು, ‘ಇಲ್ಲಿ ಸಹಿ ಮಾಡಿ’ ಅಂದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಈ ವಿವರ ತಿಳಿದು ನೋಡಿದರೆ ದೃಶ್ಯ ತಟ್ಟನೆ ಜೀವ ಪಡೆಯುತ್ತದೆ.

ಅವರನ್ನು ಅಟ್ಟಿಸಿಕೊಂಡು ಬಂದ ಪೊಲೀಸಿನವನು ಮೈಕೆಲ್ ಕಾಲಿನ್ಸ್. ಶಿಬಿರದಲ್ಲಿ ಅವನೇ ಇವರ ಸಾರ್ಜೆಂಟ್. ಆ ಪಾತ್ರ ಮಾಡಿದ ನ್ಯಾಟ್ ಪೆಂಡಲ್ಟನ್ 1920ರ ಆ್ಯಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಲ್ಲಿ ಬೆಳ್ಳಿ ಗೆದ್ದವರು. ಅವರು ಎದುರು ನಿಂತಾಗ ಕಾಸ್ಟೆಲೊ ಕುಗ್ಗುವುದು ಸಹಜವಾಗಿ ಕಾಣುವುದಕ್ಕೆ ಆ ಮೈಕಟ್ಟೂ ಒಂದು ಕಾರಣ.

ಪ್ರಶ್ನೆ: ಆಗಿನ್ನೂ ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲವಲ್ಲ. ಕಡ್ಡಾಯ ಭರ್ತಿ ಎಲ್ಲಿಂದ ಬಂತು?

ಸರಿಯಾಗಿ ಗಮನಿಸಿದ್ದೀರಿ. ಚಿತ್ರ ಬಿಡುಗಡೆಯಾದದ್ದು 1941ರ ಜನವರಿ 31ರಂದು, ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿ ನಡೆದದ್ದು ಅದೇ ವರ್ಷ ಡಿಸೆಂಬರ್ 7ರಂದು. ಆದರೆ ಯುರೋಪಿನ ಯುದ್ಧ ನೋಡಿ ಅಮೆರಿಕ ಮೊದಲೇ ಎಚ್ಚೆತ್ತಿತ್ತು. 1940ರ ಸೆಪ್ಟೆಂಬರ್ 16ರಂದು ಅಧ್ಯಕ್ಷ ರೂಸ್ವೆಲ್ಟ್ ಭರ್ತಿ ಕಾಯ್ದೆಗೆ ಸಹಿ ಹಾಕಿದರು. ಶಾಂತಿಕಾಲದಲ್ಲಿ ಆ ದೇಶ ಕಂಡ ಮೊದಲ ಕಡ್ಡಾಯ ಭರ್ತಿ ಅದು. 21ರಿಂದ 35 ವರ್ಷದ ಗಂಡಸರು ಅಕ್ಟೋಬರ್ 16ರಂದು ಹೆಸರು ನೋಂದಾಯಿಸಬೇಕಿತ್ತು. ಸೇವೆ 12 ತಿಂಗಳು, ಆರಂಭದ ಸಂಬಳ ತಿಂಗಳಿಗೆ 21 ಡಾಲರ್.

ಯಾರು ಮೊದಲು ಹೋಗಬೇಕು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಅಕ್ಟೋಬರ್ 29ರಂದು ವಾಷಿಂಗ್ಟನ್‌ನಲ್ಲಿ ದೊಡ್ಡ ಗಾಜಿನ ಪಾತ್ರೆ ಇಟ್ಟು, ಅದರೊಳಗೆ ಸಂಖ್ಯೆ ಇರುವ ಚಿಕ್ಕ ಕೊಳವೆಗಳನ್ನು ಹಾಕಿ, ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಅವರ ಕಣ್ಣಿಗೆ ಬಟ್ಟೆ ಕಟ್ಟಿದರು. ಅವರು ಎತ್ತಿದ ಮೊದಲ ಸಂಖ್ಯೆ 158. ಪ್ರತಿ ಊರಿನ ಭರ್ತಿ ಮಂಡಳಿಯಲ್ಲೂ 158ನೇ ಸಂಖ್ಯೆಯವನಿಗೆ ಮೊದಲ ಸರದಿ. ಚಿತ್ರ ತೆರೆಗೆ ಬಂದಾಗ ಈ ಚೀಟಿ ಎತ್ತಿ ಮೂರು ತಿಂಗಳ ಮೇಲೆ ಎರಡೇ ದಿನ ಕಳೆದಿತ್ತು. ಪ್ರೇಕ್ಷಕರಲ್ಲಿ ಎಷ್ಟೋ ಜನರ ಮನೆಗೆ ಕರೆಪತ್ರ ಬಂದಿರಬಹುದು, ಬರಬಹುದು. ಮನಸ್ಸಿನಲ್ಲಿ ಕೂತ ಆ ಅಳುಕನ್ನು ಸಡಿಲಿಸಿದ್ದೇ ಈ ಚಿತ್ರ ಅಷ್ಟು ದೊಡ್ಡದಾಗಿ ಗೆದ್ದುದಕ್ಕೆ ಮುಖ್ಯ ಕಾರಣ ಎಂಬುದು ನಮ್ಮ ಅಭಿಪ್ರಾಯ.

ಚಿತ್ರದ ಪಾತ್ರಗಳಿಗೆ ‘ಒಂದು ವರ್ಷ ತಾನೆ’ ಎಂಬ ಸಮಾಧಾನವಿದೆ. ಹೊರಗಿನ ಲೋಕದಲ್ಲಿ ಆ ಸಮಾಧಾನ ಉಳಿಯಲಿಲ್ಲ. 1941ರ ಆಗಸ್ಟ್‌ನಲ್ಲಿ ಸೇವಾವಧಿ ವಿಸ್ತರಣೆಯ ಮಸೂದೆ ಕೆಳಮನೆಯಲ್ಲಿ 203–202ರಲ್ಲಿ, ಒಂದೇ ಮತದ ಅಂತರದಲ್ಲಿ ಪಾಸಾಯಿತು.

ಪ್ರಶ್ನೆ: ಕವಾಯತು ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ಉಪಶೀರ್ಷಿಕೆ ಹಾಕಿಕೊಂಡು ನೋಡಿದೆ, ಅರ್ಧಕ್ಕರ್ಧ ನಗುವೇ ಬರಲಿಲ್ಲ. ತಪ್ಪು ಎಲ್ಲಿ?

ತಪ್ಪು ನಿಮ್ಮದಲ್ಲ, ಉಪಶೀರ್ಷಿಕೆಯದು. ಈ ದೃಶ್ಯದಲ್ಲಿ ನಗು ಎರಡು ಕಡೆಯಿಂದ ಬರುತ್ತದೆ, ಮಾತಿನಿಂದ ಮತ್ತು ಮೈಯಿಂದ. ಮಾತಿನ ನಗು ಪೂರ್ತಿ ಇಂಗ್ಲಿಷ್ ಪದಗಳ ಎರಡರ್ಥದ ಮೇಲೆ ನಿಂತಿದೆ. ‘ಆರ್ಡರ್ ಆರ್ಮ್ಸ್’ ಅಂದರೆ ಬಂದೂಕನ್ನು ಹೆಗಲಿನಿಂದ ಇಳಿಸಿ, ಹಿಡಿಯ ಬುಡವನ್ನು ಬಲಗಾಲಿನ ಪಕ್ಕ ನೆಲಕ್ಕೆ ಮುಟ್ಟಿಸಿ ನಿಲ್ಲುವುದು. ಆದರೆ ‘ಆರ್ಡರ್’ ಅಂದರೆ ಹೋಟೆಲಿನಲ್ಲಿ ಬೇಕಾದ್ದನ್ನು ಕೇಳುವುದೂ ಹೌದು, ‘ಆರ್ಮ್ಸ್’ ಅಂದರೆ ಆಯುಧಗಳು. ‘ಆಯುಧ ಆರ್ಡರ್ ಮಾಡು’ ಎಂದು ಕಿವಿಗೆ ಬಿದ್ದ ಹರ್ಬಿ ತನಗೊಂದು ಆಟದ ಪಿಸ್ತೂಲು ಸಾಕು ಅನ್ನುತ್ತಾನೆ. ಎದೆಯನ್ನು ಮುಂದಕ್ಕೆ ಚಾಚು ಎಂಬ ಆಜ್ಞೆಯ ಇಂಗ್ಲಿಷ್ ಪದಗಳಿಗೆ ‘ಎದೆಯನ್ನು ಹೊರಗೆ ಎಸೆ’ ಎಂಬ ಅರ್ಥವೂ ಬರುತ್ತದೆ. ತನಗೆ ಅದರ ಕೆಲಸ ಇನ್ನೂ ಮುಗಿದಿಲ್ಲ ಎಂಬುದು ಅವನ ಉತ್ತರ. ‘ಬಂದೂಕು ಇಳಿಸು’ ಎಂದು ಅನುವಾದಿಸಿದ ತಕ್ಷಣ ಈ ನಗು ಸತ್ತುಹೋಗುತ್ತದೆ.

ಗಮನಿಸಬೇಕಾದ ಒಂದು ಮಾತಿದೆ. ಹರ್ಬಿ ಎಲ್ಲಿಯೂ ಆಜ್ಞೆ ಮೀರುವುದಿಲ್ಲ. ಅವನು ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತಾನೆ. ಒಲ್ಲದ ಸಿಪಾಯಿಯ ಹಾಸ್ಯದ ಬೇರು ಇರುವುದು ಇಲ್ಲೇ. ಎದುರು ಮಾತಾಡಿದರೆ ಅವನನ್ನು ಕೂಡಿಹಾಕಬಹುದು. ಹೇಳಿದ್ದನ್ನೇ ಮಾಡಿದವನನ್ನು ಏನು ಮಾಡುತ್ತೀರಿ?

ಮೈಯ ನಗುವಿಗೆ ಉಪಶೀರ್ಷಿಕೆ ಬೇಡ. ಎರಡನೇ ಸಲ ನೋಡುವಾಗ ಧ್ವನಿ ಪೂರ್ತಿ ಇಳಿಸಿ, ಕಾಸ್ಟೆಲೊ ಅವರ ಕಾಲುಗಳನ್ನಷ್ಟೇ ನೋಡಿ. ಸಾಲಿನ ಉಳಿದವರು ಮುಗಿಸಿದ ಮೇಲೆ ಅರೆಕ್ಷಣ ಬಿಟ್ಟು ಅವರು ಶುರುಮಾಡುತ್ತಾರೆ. ಆ ಅರೆಕ್ಷಣವೇ ಎಲ್ಲ.

ಪ್ರಶ್ನೆ: ಇಂಥದೇ ಕವಾಯತಿನ ಪ್ರಹಸನವನ್ನು ಕನ್ನಡದಲ್ಲಿ ರಂಗದ ಮೇಲೆ ತರಬೇಕೆಂದಿದ್ದೇವೆ. ಎಷ್ಟು ಜನ ಬೇಕು, ಬಂದೂಕು ಹೇಗಿರಬೇಕು, ಏನು ಕಲಿಯಬೇಕು?

ಸಾರ್ಜೆಂಟ್ ಒಬ್ಬ, ಸಿಪಾಯಿಗಳು ಐವರು. ಪೆದ್ದು ಸಿಪಾಯಿ ಸಾಲಿನ ನಡುವೆ, ಮೂರನೆಯವನಾಗಿ ಇರಲಿ. ತುದಿಯಲ್ಲಿ ನಿಲ್ಲಿಸಿದರೆ ಅವನ ತಪ್ಪಿಗೆ ಒಬ್ಬನೇ ಬಲಿಯಾಗುತ್ತಾನೆ, ನಡುವೆ ನಿಲ್ಲಿಸಿದರೆ ಇಬ್ಬರು.

ಮೊದಲ ಕೆಲಸ: ಐವರೂ, ಪೆದ್ದು ಸಿಪಾಯಿಯೂ ಸೇರಿ, ಕವಾಯತನ್ನು ತಪ್ಪಿಲ್ಲದೆ ಕಲಿಯಬೇಕು. ಇದನ್ನು ಬಿಟ್ಟವರ ಪ್ರಹಸನ ಖಂಡಿತ ಕೆಡುತ್ತದೆ. ನಾಲ್ವರು ಗಡಿಯಾರದ ಮುಳ್ಳಿನಂತೆ ತಿರುಗಿದರೆ ಮಾತ್ರ ಐದನೆಯವನ ತಪ್ಪು ಕಣ್ಣಿಗೆ ಬೀಳುತ್ತದೆ. ಎಲ್ಲರೂ ಅಷ್ಟಿಷ್ಟು ತಪ್ಪಿದರೆ ನೋಡುವವರಿಗೆ ಕಾಣುವುದು ಅಭ್ಯಾಸವಿಲ್ಲದ ತಂಡವೇ ಹೊರತು ಪೆದ್ದು ಸಿಪಾಯಿಯಲ್ಲ.

ಅಮೆರಿಕನ್ ಸೈನ್ಯದ ಪದ್ಧತಿಯಲ್ಲಿ ಬಲಕ್ಕೆ ತಿರುಗುವುದು ಹೀಗೆ: ಎಡ ಹಿಮ್ಮಡಿ ಮತ್ತು ಬಲಗಾಲಿನ ಮುಂದುಗಾಲು ತುಸು ಎತ್ತಿ, ಬಲ ಹಿಮ್ಮಡಿಯ ಮೇಲೆ 90 ಡಿಗ್ರಿ ತಿರುಗುವುದು ಒಂದನೇ ಎಣಿಕೆ, ಎಡಗಾಲನ್ನು ತಂದು ಬಲಗಾಲಿನ ಪಕ್ಕ ಜೋಡಿಸುವುದು ಎರಡನೆಯದು. ಹಿಂದಕ್ಕೆ ತಿರುಗಲು ಬಲಗಾಲಿನ ತುದಿಯನ್ನು ಎಡ ಹಿಮ್ಮಡಿಯ ಹಿಂದೆ, ತುಸು ಎಡಕ್ಕೆ, ಅರ್ಧ ಪಾದದಷ್ಟು ದೂರದಲ್ಲಿ ಇಟ್ಟು, ಬಲಗಡೆಯಿಂದ 180 ಡಿಗ್ರಿ ತಿರುಗಬೇಕು. ತುದಿಯನ್ನು ಹೆಚ್ಚು ದೂರ ಇಟ್ಟರೆ ತಿರುಗಿದ ಮೇಲೆ ಕಾಲು ಅಗಲವಾಗಿ ಉಳಿಯುತ್ತದೆ, ಹತ್ತಿರ ಇಟ್ಟರೆ ಮೈ ಓಲಾಡುತ್ತದೆ. ನಡಿಗೆಯ ವೇಗ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಯ ಅಳತೆ 30 ಅಂಗುಲ. ಸಣ್ಣ ರಂಗಕ್ಕೆ 30 ಅಂಗುಲ ಹೆಚ್ಚಾಗುತ್ತದೆ. 20ಕ್ಕೆ ಇಳಿಸಿ, ವೇಗ ಮಾತ್ರ ಇಳಿಸಬೇಡಿ.

ಈಗ ತಪ್ಪಿನ ಲೆಕ್ಕ. ಎಲ್ಲರೂ ಬಲಕ್ಕೆ ತಿರುಗುವಾಗ ನಡುವಿನವನು ಎಡಕ್ಕೆ ತಿರುಗಿದ ಅನ್ನಿ. ಎಡಗಡೆಯ ಗೆಳೆಯನಿಗೆ ಅವನು ಮೂಗಿಗೆ ಮೂಗು ಎದುರು. ಬಲಗಡೆಯವನಿಗೆ ಬೆನ್ನಿಗೆ ಬೆನ್ನು. ಬಂದೂಕು ಬಲ ಹೆಗಲ ಮೇಲೆ ಹಿಂದಕ್ಕೆ ವಾಲಿದ್ದರೆ, ಅದರ ಬಾಯಿ ಬೆನ್ನ ಹಿಂದಿನವನ ಎಡಗಿವಿಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇಲ್ಲಿಯವರೆಗೆ ಯಾರಿಗೂ ತಾಗಿಲ್ಲ. ತಪ್ಪು ತಿಳಿದು ಅವನು ಬಲಗಡೆಯಿಂದ ಹೊರಳಿದರೆ ಬಂದೂಕಿನ ಬಾಯಿ ಹಿಂದಿನವನ ತಲೆಯ ಮೇಲೆಯೇ ಸವರಿಕೊಂಡು ಹೋಗಿ ಟೋಪಿ ಬೀಳಿಸುತ್ತದೆ. ಎಡಗಡೆಯಿಂದ ಹೊರಳಿದರೆ ಅದು ಆ ತಲೆಯಿಂದ ದೂರ ಸರಿಯುತ್ತದೆ, ಟೋಪಿ ಉಳಿಯುತ್ತದೆ, ನಗುವೂ ಇಲ್ಲ. ಹೊರಳಿ ಮುಗಿಸಿದಾಗ ಬಂದೂಕು ಇನ್ನೊಬ್ಬನ, ಅಂದರೆ ಮೊದಲು ಎದುರಿಗಿದ್ದವನ, ಮುಖದತ್ತ ಇರುತ್ತದೆ. ಅವನು ಅಷ್ಟರಲ್ಲಿ ತಲೆ ತಗ್ಗಿಸಿರಬೇಕು. ಈ ಮೂರು ಘಟ್ಟಗಳನ್ನು, ತಿರುಗು, ಹೊರಳು, ತಗ್ಗು, ಮೊದಲು ಬರಿಗೈಯಲ್ಲಿ ನಿಧಾನವಾಗಿ, ಆಮೇಲೆ ಬಂದೂಕು ಹಿಡಿದು ನಿಧಾನವಾಗಿ, ಕೊನೆಗೆ ಪೂರ್ಣ ವೇಗದಲ್ಲಿ ಅಭ್ಯಾಸ ಮಾಡಿ.

ಮರದ ಬಂದೂಕಿನ ಉದ್ದ 110 ಸೆಂಟಿಮೀಟರ್ ಇರಲಿ, ಆ ಕಾಲದ ಸ್ಪ್ರಿಂಗ್‌ಫೀಲ್ಡ್ ರೈಫಲಿನ ಅಳತೆಯೂ ಸುಮಾರು ಅಷ್ಟೇ. ನಿಜವಾದದ್ದರ ತೂಕ ನಾಲ್ಕು ಕೆಜಿಗೆ ಹತ್ತಿರ. ನಿಮಗೆ ಒಂದೂವರೆ ಕೆಜಿ ಸಾಕು. ಅದಕ್ಕಿಂತ ಹಗುರಾದರೆ ಕೈಯಲ್ಲಿ ಕೋಲಿನಂತೆ ಕುಣಿಯುತ್ತದೆ, ಭಾರ ಹೊತ್ತವನ ದಣಿವು ಕಾಣುವುದಿಲ್ಲ. ಬಾಯಿಯ ತುದಿಗೆ 10 ಸೆಂಟಿಮೀಟರ್ ಸ್ಪಂಜು ಸುತ್ತಿ ಕಪ್ಪು ಬಟ್ಟೆ ಹೊಲಿಯಿರಿ. ಇದರಲ್ಲಿ ಉಳಿತಾಯ ಬೇಡ, ತಾಗುವ ಜಾಗ ಕಣ್ಣಿನ ಮಟ್ಟದಲ್ಲಿದೆ. ಟೋಪಿ ತಲೆಗೆ ಸಡಿಲವಾಗಿರಬೇಕು.

ಮಾತಿಗೆ ಬಂದರೆ, ಇಂಗ್ಲಿಷ್ ಚಮತ್ಕಾರಗಳನ್ನು ಎತ್ತಿಕೊಳ್ಳಬೇಡಿ. ಕನ್ನಡದ ಆಜ್ಞೆಗಳಲ್ಲೇ ಬೇಕಾದಷ್ಟು ಇದೆ. ‘ಬಲಕ್ಕೆ!’ ಅಂದರೆ ‘ಬಲಕ್ಕೆ ಏನು ತಿನ್ನಲಿ ಸ್ವಾಮಿ?’ ‘ಸಾಲಾಗಿ ನಿಲ್ಲು!’ ಅಂದರೆ ‘ಸಾಲ ಆಗಿಯೇ ಇಲ್ಲಿಗೆ ಬಂದದ್ದು.’ ‘ಗುರಿ ಇಡು!’ ಅಂದರೆ ಬಗ್ಗಿ ನೆಲದ ಮೇಲೆ ಜಾಗ ಹುಡುಕುವುದು. ಪ್ರತಿ ಉತ್ತರದ ಮುಂಚೆ ಅವನು ನಿಜವಾಗಿ ಯೋಚಿಸಬೇಕು. ಜಾಣತನ ತೋರಿಸುವ ಧಾಟಿ ಬಂತೋ, ಪಾತ್ರ ಹಾಳು.

ಪ್ರಶ್ನೆ: ದಾಳದ ಆಟದ ದೃಶ್ಯದಲ್ಲಿ ಹರ್ಬಿಗೆ ಆಟ ಗೊತ್ತೋ ಇಲ್ಲವೋ?

ಗೊತ್ತಿಲ್ಲವೆಂದು ಹೇಳಿಕೊಳ್ಳುತ್ತಾನೆ, ಬಾಯಿ ಮಾತ್ರ ಬಿಟ್ಟುಕೊಡುತ್ತದೆ. ಹೊಸಬನಿಗೆ ಗೊತ್ತಿರಲಾರದ ಜೂಜಿನ ಪದಗಳು ಅವನ ನಾಲಿಗೆಯಿಂದ ಒಂದೊಂದಾಗಿ ಉದುರುತ್ತವೆ, ಅಬಟ್ ಮುಖದಲ್ಲಿ ಅನುಮಾನ ಏರುತ್ತಾ ಹೋಗುತ್ತದೆ. ಆ ಪದಗಳು ಗುರುತಾಗಲು ಆಟ ತಿಳಿದಿರಬೇಕು. ಎರಡು ದಾಳ ಎಸೆದಾಗ ಮೊದಲ ಸಲಕ್ಕೇ 7 ಅಥವಾ 11 ಬಂದರೆ ಗೆಲುವು. 2, 3 ಅಥವಾ 12 ಬಂದರೆ ಸೋಲು. ಬೇರೆ ಸಂಖ್ಯೆ ಬಂದರೆ ಅದೇ ಸಂಖ್ಯೆ ಮತ್ತೆ ಬರುವವರೆಗೆ ಎಸೆಯಬೇಕು, ನಡುವೆ 7 ಬಂದರೆ ಸೋಲು. ಎಸೆಯುವವನ ಪಣಕ್ಕೆ ಎದುರು ಹಣ ಇಡುವುದು ‘ಫೇಡ್’. ಗೆದ್ದ ಹಣ ಎತ್ತದೆ ಮುಂದಿನ ಆಟಕ್ಕೂ ಬಿಡುವುದು ‘ಲೆಟ್ ಇಟ್ ರೈಡ್’. ಒಟ್ಟಾರೆ ಎಸೆಯುವವನು ಗೆಲ್ಲುವ ಸಾಧ್ಯತೆ 495ರಲ್ಲಿ 244, ಅಂದರೆ ನೂರಕ್ಕೆ 49ರ ಆಸುಪಾಸು.

ಪ್ರಶ್ನೆ: 40 ಮತ್ತು 10 ವಯಸ್ಸಿನ ಲೆಕ್ಕ ಹೇಳುವಾಗ ಅಬಟ್ ಎಲ್ಲಿ ಮೋಸ ಮಾಡುತ್ತಾನೆ?

ಅಂಕಿಯಲ್ಲಿ ಮೋಸವೇ ಇಲ್ಲ. ಒಬ್ಬರಿಗೆ 40 ವರ್ಷ, ಇನ್ನೊಬ್ಬರಿಗೆ 10. 40 ಎಂದರೆ 10ರ ನಾಲ್ಕು ಪಟ್ಟು. ಐದು ವರ್ಷ ಕಳೆದರೆ 45 ಮತ್ತು 15, ಮೂರು ಪಟ್ಟು. ಇನ್ನೂ 15 ವರ್ಷಕ್ಕೆ 60 ಮತ್ತು 30, ಎರಡೇ ಪಟ್ಟು. ಹಾಗಾದರೆ ಇಬ್ಬರದೂ ಸಮನಾಗಲು ಎಷ್ಟು ವರ್ಷ ಕಾಯಬೇಕು? ಪಟ್ಟು ಇಳಿಯುತ್ತಲೇ ಇರುತ್ತದೆ, 30 ವರ್ಷದ ಅಂತರ ಮಾತ್ರ ಕದಲುವುದಿಲ್ಲ. 90 ಮತ್ತು 60ಕ್ಕೆ ಒಂದೂವರೆ ಪಟ್ಟು, ಒಂದಕ್ಕೆ ಎಂದೂ ಮುಟ್ಟದು. ನಾಲ್ಕು, ಮೂರು, ಎರಡು ಎಂದು ಇಳಿಯುವ ಲಯಕ್ಕೆ ಕಿವಿ ಮುಂದಿನ ‘ಒಂದು’ ಕಾಯುತ್ತದೆ. ಹರ್ಬಿ ಬೀಳುವುದು ಆ ಲಯಕ್ಕೆ.

ಪ್ರಶ್ನೆ: ‘ಬಕ್ ಪ್ರೈವೇಟ್ಸ್’ನಲ್ಲಿ ಗಾಯಕಿಯರಾದ ಆ್ಯಂಡ್ರೂಸ್ ಸೋದರಿಯರು ಹಾಡುವ ‘ಬೂಗಿ ವೂಗಿ ಬ್ಯೂಗಲ್ ಬಾಯ್’ ಹಾಡನ್ನು ಸೈನ್ಯದ ಕಹಳೆಯಲ್ಲಿ ನಿಜಕ್ಕೂ ನುಡಿಸಬಹುದೇ?

ಆಗದು. ಸೈನ್ಯದ ಬ್ಯೂಗಲ್‌ಗೆ ಒತ್ತುಗುಂಡಿಗಳಿಲ್ಲ. ಕೊಳವೆಯ ಉದ್ದ ಬದಲಾಗದ ಕಾರಣ ತುಟಿಯ ಬಿಗಿಯಿಂದ ಬರುವ ಕೆಲವೇ ಸ್ವರಗಳು ಅದರ ಆಸ್ತಿ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಕೆಳಗಿನ ಪ, ನಂತರ ಸ, ಗ, ಮೇಲಿನ ಪ. ಅಮೆರಿಕನ್ ಸೈನ್ಯದ ‘ಟ್ಯಾಪ್ಸ್’ ಕರೆ 24 ಸ್ವರಗಳದ್ದು, ಅಷ್ಟನ್ನೂ ಈ ನಾಲ್ಕರಲ್ಲೇ ನುಡಿಸುತ್ತಾರೆ. ಬೂಗಿ ವೂಗಿ ಎಂಬ ಚುರುಕು ಲಯದ ಶೈಲಿಗೆ ಒಂದು ಆವರ್ತಕ್ಕೆ ಎಂಟು ಹೊಡೆತದ ನಡಿಗೆ ಬೇಕು, ನಡುವಿನ ಸ್ವರಗಳೂ ಬೇಕು. ಅದಕ್ಕೆ ಟ್ರಂಪೆಟ್ಟೇ ಸರಿ. ಅದರ ಮೊದಲ ಗುಂಡಿ ಎರಡು ಅರೆಸ್ವರ, ಎರಡನೆಯದು ಒಂದು, ಮೂರನೆಯದು ಮೂರು ಅರೆಸ್ವರ ಇಳಿಸುತ್ತದೆ.

ಹಾಡಿನ ಕಥೆಯೂ ಒಲ್ಲದ ಸಿಪಾಯಿಯದೇ. ಹೆಸರಾಂತ ಟ್ರಂಪೆಟ್ ವಾದಕ ಭರ್ತಿಯಾಗಿ ಬೆಳಗಿನ ಕರೆ ಊದುವ ಕೆಲಸಕ್ಕೆ ಬೀಳುತ್ತಾನೆ, ಜೊತೆಗೆ ವಾದ್ಯಮೇಳ ಇಲ್ಲದೆ ಸೊರಗುತ್ತಾನೆ, ಕ್ಯಾಪ್ಟನ್ ಮೇಳವನ್ನೂ ಭರ್ತಿ ಮಾಡಿಸುತ್ತಾನೆ. ಡಾನ್ ರೇ ಮತ್ತು ಹ್ಯೂಯಿ ಪ್ರಿನ್ಸ್ ಬರೆದ ಇದನ್ನು ಡೆಕ್ಕಾ ಕಂಪನಿ 1941ರ ಜನವರಿ 2ರಂದು ಧ್ವನಿಮುದ್ರಿಸಿತು. ಆಸ್ಕರ್‌ಗೆ ನಾಮನಿರ್ದೇಶನವಾಯಿತು, ಗೆಲ್ಲಲಿಲ್ಲ.

ಪ್ರಶ್ನೆ: ಚಾಪ್ಲಿನ್ ಅವರ ‘ಶೋಲ್ಡರ್ ಆರ್ಮ್ಸ್’ ನೋಡಿದೆ. ಚಲನೆ ಎಳೆದೆಳೆದು ತಡವರಿಸಿದಂತೆ ಇತ್ತು. ಪ್ರತಿ ಕೆಟ್ಟಿದೆಯೇ?

ಬಹುಶಃ ನೀವು ನೋಡಿದ್ದು 1959ರಲ್ಲಿ ಚಾಪ್ಲಿನ್ ತಮ್ಮದೇ ಸಂಗೀತ ಸೇರಿಸಿ, ಇನ್ನೆರಡು ಚಿತ್ರಗಳೊಂದಿಗೆ ಮತ್ತೆ ಬಿಡುಗಡೆ ಮಾಡಿದ ರೂಪ. ಮೂಕಿ ಚಿತ್ರಗಳನ್ನು ಸೆಕೆಂಡಿಗೆ 24 ಫ್ರೇಮಿಗಿಂತ ನಿಧಾನವಾಗಿ ತೆಗೆಯುತ್ತಿದ್ದರು. ಧ್ವನಿ ಇರುವ ಚಿತ್ರ 24ರಲ್ಲೇ ಓಡಬೇಕು. ಹಾಗೇ ಓಡಿಸಿದರೆ ಎಲ್ಲರೂ ಓಡಿದಂತೆ ಕಾಣುತ್ತಾರೆ ಎಂದು ನಡುನಡುವೆ ಫ್ರೇಮುಗಳನ್ನು ಎರಡೆರಡು ಸಲ ಅಚ್ಚು ಹಾಕಿದರು. 16 ಫ್ರೇಮು 24 ಆಗಬೇಕಾದರೆ ಪ್ರತಿ ಎರಡನೆಯದು ಇಮ್ಮಡಿಯಾಗಬೇಕು. ನಿಮಗೆ ಕಂಡ ತಡವರಿಕೆ ಅದೇ. ಮೂಲ ಪ್ರತಿಯಿಂದ ತಿದ್ದಿ ತೆಗೆದ, ಮೂಕಿ ವೇಗದಲ್ಲಿ ಓಡುವ ಆವೃತ್ತಿ ಸಿಕ್ಕರೆ ಅದನ್ನೇ ನೋಡಿ. ಕಾಲಿನ ಹಾಸ್ಯಕ್ಕೆ ವೇಗವೇ ಪ್ರಾಣ.

ಈ ಚಿತ್ರ 1918ರ ಅಕ್ಟೋಬರ್ 20ರಂದು, ಮೊದಲ ಮಹಾಯುದ್ಧ ನಿಲ್ಲುವುದಕ್ಕೆ ಮೂರು ವಾರ ಮೊದಲು ಬಂದದ್ದು. ಆರಂಭದಲ್ಲೇ ಕವಾಯತು ಬಾರದವರ ತುಕಡಿ, ಹೊರಕ್ಕೆ ಚಾಚಿದ ಚಾಪ್ಲಿನ್ ಪಾದಗಳು, ಹಿಂದಕ್ಕೆ ತಿರುಗುವಾಗ ಹೆಣೆದುಕೊಳ್ಳುವ ಕಾಲುಗಳು. ಕಾಸ್ಟೆಲೊಗೆ 23 ವರ್ಷ ಮೊದಲೇ ಈ ದಾರಿ ಬಿದ್ದಿತ್ತು. ನೀರು ತುಂಬಿದ ಕಂದಕದಲ್ಲಿ ಗ್ರಾಮಫೋನಿನ ಕಹಳೆಯನ್ನು ಬಾಯಿಗಿಟ್ಟು ಉಸಿರಾಡುತ್ತಾ ಮಲಗುವ ದೃಶ್ಯವನ್ನು ತಪ್ಪಿಸಿಕೊಳ್ಳಬೇಡಿ. ಮನೆಯ ಗೋಳಾಟ ಮತ್ತು ಭರ್ತಿಯ ವೈದ್ಯಪರೀಕ್ಷೆಯ ದೃಶ್ಯಗಳನ್ನೂ ಚಾಪ್ಲಿನ್ ಚಿತ್ರೀಕರಿಸಿದ್ದರು, ಆಮೇಲೆ ಬಿಟ್ಟುಬಿಟ್ಟರು. ಬಿಟ್ಟದ್ದು ಸರಿ. ಚಿತ್ರ ನೇರ ಶಿಬಿರದಲ್ಲಿ ಶುರುವಾಗುವುದರಿಂದಲೇ ಅಷ್ಟು ಬಿಗಿಯಾಗಿದೆ.

ಪ್ರಶ್ನೆ: ಇದೇ ಜಾತಿಯ ಬೇರೆ ಚಿತ್ರಗಳಲ್ಲಿ ಯಾವುದನ್ನು ನೋಡಬಹುದು?

ಬಸ್ಟರ್ ಕೀಟನ್ ಅವರ ‘ಡೋಬಾಯ್ಸ್’ (1930): ಶ್ರೀಮಂತನೊಬ್ಬ ಹೊಸ ಚಾಲಕನನ್ನು ಹುಡುಕುತ್ತಾ ಉದ್ಯೋಗ ಕಚೇರಿ ಎಂದುಕೊಂಡು ಭರ್ತಿ ಕೇಂದ್ರ ಹೊಕ್ಕು ಸಿಪಾಯಿಯಾಗುತ್ತಾನೆ. ಕೀಟನ್ 1918ರಲ್ಲಿ ಸ್ವತಃ ಭರ್ತಿಯಾಗಿ ಫ್ರಾನ್ಸಿಗೆ ಹೋಗಿದ್ದವರು, ಅಲ್ಲಿನ ಕಿವಿಸೋಂಕಿನಿಂದ ಅವರ ಶ್ರವಣಶಕ್ತಿ ಕುಂದಿತು. ಬಾಬ್ ಹೋಪ್ ಅವರ ‘ಕಾಟ್ ಇನ್ ದ ಡ್ರಾಫ್ಟ್’ (1941): ಸದ್ದಿಗೆ ಬೆಚ್ಚುವ ಸಿನಿಮಾ ನಟ ಸುಳ್ಳು ಭರ್ತಿಯ ನಾಟಕವಾಡಲು ಹೋಗಿ ನಿಜವಾಗಿ ಭರ್ತಿಯಾಗುತ್ತಾನೆ. ಮಾತು ಚುರುಕು, ‘ಬಕ್ ಪ್ರೈವೇಟ್ಸ್’ಗಿಂತ ಕಥೆ ಗಟ್ಟಿ. ಲಾರೆಲ್ ಮತ್ತು ಹಾರ್ಡಿಯ ‘ಗ್ರೇಟ್ ಗನ್ಸ್’ (1941) ಆ ಜೋಡಿಯ ಒಳ್ಳೆಯ ಕೆಲಸವಲ್ಲ, ಕೊನೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಹರ್ಬಿ, ಸ್ಲಿಕರ್ ಮುಂದೆ ಏನಾದರು?

1947ರ ‘ಬಕ್ ಪ್ರೈವೇಟ್ಸ್ ಕಮ್ ಹೋಮ್’ ನೋಡಿ. ಯುದ್ಧ ಮುಗಿದು ಹಡಗಿನಲ್ಲಿ ಊರಿಗೆ ಮರಳುವ ಇಬ್ಬರೂ ಒಬ್ಬ ಅನಾಥ ಫ್ರೆಂಚ್ ಹುಡುಗಿಯನ್ನು ಕದ್ದುಮುಚ್ಚಿ ಜೊತೆಗೆ ಕರೆತರುತ್ತಾರೆ. ಮತ್ತೆ ಬೀದಿಯಲ್ಲಿ ನೆಕ್‌ಟೈ ಮಾರಾಟ, ಮತ್ತೆ ಕಾಲಿನ್ಸ್, ಈ ಸಲ ಪುನಃ ಪೊಲೀಸ್ ಸಮವಸ್ತ್ರದಲ್ಲಿ.